58 ಸಾವಿರದ ಚೀನಾ ಸ್ಕೂಟರ್ ತಗೊಳ್ಳಲೋ, ಸಾಲ ಮಾಡಿ ಕಂಪನಿ ಸ್ಕೂಟರ್ ತಗೊಳ್ಳಲೋ?

ಬೆಣ್ಣೆದೋಸೆ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಗಾಡಿ ವಿಷಯ ಗೊತ್ತಿರೋರು ಸ್ವಲ್ಪ ಹೇಳಿ.

ನಾನು ಮಂಡಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯೋ ಕೆಲಸ ಮಾಡ್ತೀನಿ. ಮನೆ ವಿದ್ಯಾನಗರದಿಂದ ಇನ್ನೂ ಆಚೆ. ಹೋಗಿ ಬರೋದಕ್ಕೆ 12 ಕಿ.ಮೀ. ಆಗುತ್ತೆ. ಇಷ್ಟು ವರ್ಷ ಬಸ್ಸು, ಶೇರ್ ಆಟೊ ಅಂತ ತಳ್ಳಿಕೊಂಡು ಬಂದೆ. ಆದರೆ ರಾತ್ರಿ ಎಂಟೂವರೆಗೆ ಅಂಗಡಿ ಬಾಗಿಲು ಹಾಕಿದ ಮೇಲೆ ಆಟೊದವರು ಬಾಯಿಗೆ ಬಂದಷ್ಟು ಕೇಳ್ತಾರೆ. ನನಗೆ ಡಿಎಲ್ ಇಲ್ಲ. ತಂಗಿ ಸ್ಕೂಟಿಯಲ್ಲಿ ಕೈ ಕೂತಿದೆ, ಅಷ್ಟೇ.

ನಮ್ಮ ಕಡೆ ಹೊಸದಾಗಿ ಒಂದು ಎಲೆಕ್ಟ್ರಿಕ್ ಸ್ಕೂಟರ್ ಷೋರೂಮ್ ಆಗಿದೆ. ಎಲ್ಲ ಸೇರಿ 58,000 ಅಂತಾರೆ. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ, ಇನ್ಶೂರೆನ್ಸ್ ಬೇಡ. 60 ವೋಲ್ಟ್ 32 ಎಎಚ್ ‘ಗ್ರಾಫಿನ್’ ಬ್ಯಾಟರಿಯಂತೆ, ಒಂದು ಚಾರ್ಜಿಗೆ 80 ಕಿ.ಮೀ. ಓಡುತ್ತಂತೆ, ಬ್ಯಾಟರಿಗೆ ಒಂದು ವರ್ಷ ವಾರಂಟಿಯಂತೆ. ಕಂಪನಿ ಹೆಸರು ನಾನು ಈ ಹಿಂದೆ ಕೇಳಿದ್ದೇ ಇಲ್ಲ. ಸೀಟ್ ಎತ್ತಿ ನೋಡಿದರೆ ಒಳಗಿನ ಡಬ್ಬಿಗಳ ಮೇಲೆಲ್ಲ ಚೀನೀ ಅಕ್ಷರ. ಕೇಳಿದ್ದಕ್ಕೆ, “ಅಕ್ಕ, ನಿಮ್ಮ ಕೈಲಿರೋ ಫೋನೂ ಅಲ್ಲಿಂದಲೇ ಬಂದಿರೋದಲ್ವಾ” ಅಂದ ಹುಡುಗ. ನನಗೆ ಮಾತೇ ಹೊರಡಲಿಲ್ಲ.

ನಮ್ಮ ಭಾವ ಮಾತ್ರ ಒಂದೇ ಹಟ. ಹೆಸರಿರೋ ಕಂಪನಿಯದ್ದನ್ನೇ ತಗೊ, ಆನ್‌ರೋಡ್ 1.15 ಲಕ್ಷ ಆಗುತ್ತೆ, 25 ಸಾವಿರ ಕಟ್ಟಿದರೆ ಉಳಿದದ್ದು ತಿಂಗಳಿಗೆ ಮೂರು ಸಾವಿರದ ಹತ್ತಿರ ಕಂತು ಅಂತಾರೆ. ಮೂರು ಸಾವಿರ ಅಂದ್ರೆ ನಮ್ಮ ಮನೆ ರೇಷನ್ನು, ತರಕಾರಿ. ಬೆಲೆ ಎರಡರಷ್ಟು ಇದ್ದ ಮಾತ್ರಕ್ಕೆ ಗಾಡಿಯೂ ಎರಡರಷ್ಟು ಬಾಳುತ್ತಾ? ಇನ್ನೊಂದು ವಿಷಯ, ನಾವಿರೋದು ಬಾಡಿಗೆ ಮನೆ, ಮೊದಲನೇ ಮಹಡಿ.

ಗಿರ್ಮಿಟ್, ಹುಬ್ಬಳ್ಳಿ:

ಅಕ್ಕಾರ, ಗಾಡಿ ನೋಡೂಕಿಂತ ಮೊದಲ ಅಂಗಡಿ ನೋಡ್ರಿ. ನಮ್ಮ ತಮ್ಮಗ ಇಂಥಾದ ಒಂದ ಕೊಡಿಸಿದ್ವಿ. ಓಡೂ ಮಟಾ ಛಲೋನ ಓಡ್ತು, ಸುಳ್ಳ ಯಾಕ ಹೇಳ್ಬೇಕು. ಒಂದಿನ ಕಂಟ್ರೋಲರ್, ಅಂದ್ರ ಮೋಟರ್‌ಗೆ ಕರೆಂಟ್ ಬಿಡೂ ಡಬ್ಬಿ, ಹೋತು. ವಾರಂಟಿ ಕಾರ್ಡ್ ಹಿಡಕೊಂಡು ಹೋದ್ರ, ಷೋರೂಮ್ ಇದ್ದ ಜಾಗಾದಾಗ ಮೊಬೈಲ್ ಕವರ್ ಮಾರಾಕ ಕುಂತಾರ! ಹಳೇ ಬೋರ್ಡ್ ಸುದ್ದಾ ಬಿಚ್ಚಿಲ್ಲ, ಅದರ ಮ್ಯಾಲೇನ ಫ್ಲೆಕ್ಸ್ ಬಡದಾರ. ಫೋನ್ ಸ್ವಿಚಾಫ್. ಕಡೀಕ ನಮ್ಮ ರೊಕ್ಕದಾಗ ಹೊರಗ ಮಾಡಿಸಿದ್ವಿ. ವಾರಂಟಿ ಕಾರ್ಡ್ ಇನ್ನೂ ಐತ್ರಿ, ಯಾರಿಗಾರ ಬೇಕಂದ್ರ ಹೇಳ್ರಿ.

ಹತ್ತು-ಹನ್ನೆರಡು ಸ್ಪಾನರ್, ತುಮಕೂರು:

ಅಕ್ಕ, ನಾನು ತುಮಕೂರಲ್ಲಿ ಗ್ಯಾರೇಜ್ ಇಟ್ಕೊಂಡಿದೀನಿ. ಮೊದಲು ಬರೀ ಪೆಟ್ರೋಲ್ ಗಾಡಿ ಮಾಡ್ತಿದ್ದೆ. ಈಗ ಕೆಲವು ವರ್ಷದಿಂದ ಅರ್ಧಕ್ಕರ್ಧ ಕೆಲಸ ಈ ಲೈಸೆನ್ಸ್ ಬೇಡದ ಗಾಡಿಗಳದ್ದೇ. ಯಾವ ಕಂಪನಿಯವರೂ ನನಗೆ ಕಮಿಷನ್ ಕೊಡಲ್ಲ, ಆದ್ದರಿಂದ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ.

ಚೀನಾ ಅನ್ನೋದನ್ನ ಮೊದಲು ತಲೆಯಿಂದ ತೆಗೀರಿ. ವುಶಿ, ತಿಯಾಂಜಿನ್, ತೈಝೌ ಊರುಗಳ ಫ್ಯಾಕ್ಟರಿಗಳಲ್ಲಿ ಒಳ್ಳೇದೂ ಆಗುತ್ತೆ, ಕೆಟ್ಟದ್ದೂ ಆಗುತ್ತೆ. ಅವರ ದೇಶದಲ್ಲೇ 2019ರ ಏಪ್ರಿಲ್‌ನಿಂದ ಇಂಥ ಗಾಡಿ 25 ಕಿ.ಮೀ. ವೇಗ, ಬ್ಯಾಟರಿ ಸೇರಿ 55 ಕಿಲೋ ತೂಕ ದಾಟಬಾರದು ಅಂತ ಕಟ್ಟುನಿಟ್ಟು ಮಾಡಿದ್ರು. ನಮ್ಮ ಕಡೆಗೆ ಕಂಟೇನರ್‌ನಲ್ಲಿ ಬರೋದು ಮಾತ್ರ ‘ಎಷ್ಟು ಕಮ್ಮಿಗೆ ಕೊಡ್ತೀಯ’ ಅಂತ ಕೇಳಿ ತರಿಸಿದ ಮಾಲು. ಹೆಸರಿರೋರದ್ದು ಎಲ್ಲಾ ಸ್ವದೇಶಿ ಅಂತಲೂ ತಿಳ್ಕೋಬೇಡಿ. 2023ರಲ್ಲಿ ಕೇಂದ್ರ ಸರ್ಕಾರ ಏಳು ಕಂಪನಿಗಳಿಗೆ, ‘ಹೊರಗಿನ ಪಾರ್ಟ್ಸ್ ಹಾಕಿ ಇಲ್ಲಿಯದು ಅಂತ ಸಬ್ಸಿಡಿ ತಗೊಂಡಿದೀರಿ, ವಾಪಸ್ ಕಟ್ಟಿ’ ಅಂತ ನೋಟಿಸ್ ಕೊಟ್ಟಿತ್ತು. 2025ರ ಏಪ್ರಿಲ್‌ನಲ್ಲಿ ಚೀನಾದವರು ಮೋಟರ್ ಮ್ಯಾಗ್ನೆಟ್ ಕಳಿಸೋದಕ್ಕೆ ಕಡಿವಾಣ ಹಾಕಿದಾಗ ನಮ್ಮ ದೊಡ್ಡ ದೊಡ್ಡ ಫ್ಯಾಕ್ಟರಿಗಳೇ ಗಾಡಿ ಕಡಿಮೆ ಮಾಡಬೇಕಾಯ್ತು. ಷೋರೂಮ್ ಹುಡುಗ ಹೇಳಿದ್ದರಲ್ಲಿ ಅಷ್ಟು ಮಟ್ಟಿಗೆ ಸುಳ್ಳಿಲ್ಲ.

ಅವನು ಹೇಳದೇ ಬಿಟ್ಟಿದ್ದು ಬ್ಯಾಟರಿ ಲೆಕ್ಕ. ‘ಗ್ರಾಫಿನ್’ ಅಂದರೆ ಹೆದರಬೇಡಿ, ಅದು ಲೆಡ್ ಆಸಿಡ್ ಬ್ಯಾಟರಿಯೇ. ಮನೆಯ ಯುಪಿಎಸ್ ಬ್ಯಾಟರಿಯ ತಮ್ಮ ಅಂದ್ಕೊಳ್ಳಿ. 12 ವೋಲ್ಟಿನವು ಐದನ್ನ ಸಾಲಾಗಿ ಜೋಡಿಸಿ 60 ಮಾಡಿರ್ತಾರೆ. ದಿನಾ ಓಡಿಸಿದರೆ ಒಂದರಿಂದ ಒಂದೂವರೆ ವರ್ಷ ಬಾಳುತ್ತೆ. ಚೆನ್ನಾಗಿ ನೋಡ್ಕೊಂಡ್ರೆ ಎರಡು ವರ್ಷ ಎಳೆದಿರೋದನ್ನೂ ಕಂಡಿದೀನಿ, ಆದರೆ ದಾವಣಗೆರೆ ಬೇಸಿಗೆಯಲ್ಲಿ ಅಷ್ಟು ಆಸೆ ಇಟ್ಕೋಬೇಡಿ. ಹೊಸ ಸೆಟ್ಟಿಗೆ ಹಳೇದು ಕೊಟ್ಟು ಮೇಲೆ ಸುಮಾರು 12 ಸಾವಿರ ಹಿಡೀರಿ.

ಈಗ ನಿಮ್ಮದೇ ಓಡಾಟ ತಗೊಳ್ಳಿ. ದಿನಕ್ಕೆ 12 ಕಿ.ಮೀ., ವರ್ಷಕ್ಕೆ ಮುನ್ನೂರು ದಿನ ಅಂದ್ರೆ 3,600 ಕಿ.ಮೀ. ಪೆಟ್ರೋಲ್ ಸ್ಕೂಟರ್ 45 ಮೈಲೇಜ್ ಕೊಟ್ಟರೆ 80 ಲೀಟರ್ ಬೇಕು, ಎಂಟು ಸಾವಿರ ಚಿಲ್ಲರೆ ಆಯ್ತು. ಈ ಎಲೆಕ್ಟ್ರಿಕ್ ಗಾಡಿಗೆ ಒಂದು ಫುಲ್ ಚಾರ್ಜಿಗೆ ಎರಡೂ ಕಾಲು ಯೂನಿಟ್ ಹೋಗುತ್ತೆ, ಓಡೋದು 80 ಅಲ್ಲ, 50 ಅಂತ ಹಿಡೀರಿ. ವರ್ಷಕ್ಕೆ ಕರೆಂಟ್ ಸಾವಿರ ರೂಪಾಯಿ. ಗೃಹಜ್ಯೋತಿಯಲ್ಲಿ ನಿಮಗೆ ಕೊಟ್ಟಿರೋ ಮಿತಿಯೊಳಗೇ ಬಂದರೆ ಅದೂ ಇಲ್ಲ ಅನ್ನಬಹುದು, ಆದರೆ ತಿಂಗಳಿಗೆ 14 ಯೂನಿಟ್ ಜಾಸ್ತಿಯಾಗಿ 200 ದಾಟಿತೋ, ಪೂರ್ತಿ ಬಿಲ್ ಬರುತ್ತೆ, ನೋಡ್ಕೊಳ್ಳಿ. ಅಂದ್ರೆ ಏಳು ಸಾವಿರ ಉಳೀತು. ಒಂದೂವರೆ ವರ್ಷಕ್ಕೆ 12 ಸಾವಿರದ ಬ್ಯಾಟರಿ ಅಂದ್ರೆ ವರ್ಷಕ್ಕೆ ಎಂಟು ಸಾವಿರ ಹೋಯ್ತು. ಪೆಟ್ರೋಲ್ ಬಂಕಿಗೆ ಕೊಡೋ ದುಡ್ಡನ್ನ ಬ್ಯಾಟರಿ ಅಂಗಡಿಗೆ ಕೊಡ್ತೀರಿ, ಅಷ್ಟೇ ವ್ಯತ್ಯಾಸ. ಅದೂ ಆಗಾಗ ನೂರಿನ್ನೂರು ಅಂತಲ್ಲ, ಒಂದೇ ಸಲಕ್ಕೆ, ಸಾಮಾನ್ಯವಾಗಿ ಸ್ಕೂಲ್ ಫೀಸ್ ಕಟ್ಟೋ ತಿಂಗಳಲ್ಲೇ.

ಐದು ವರ್ಷ ಇಟ್ಕೊಂಡರೆ ಮೂರು ಸೆಟ್ ಬ್ಯಾಟರಿ, 36 ಸಾವಿರ. ಮಧ್ಯೆ ಒಂದು ಕಂಟ್ರೋಲರ್, ಒಂದು ಚಾರ್ಜರ್ ಹೋಗೇ ಹೋಗುತ್ತೆ. 58 ಸಾವಿರದ ಗಾಡಿ ಲಕ್ಷಕ್ಕೆ ಬಂತು. ಕೊನೆಗೆ ಮಾರೋಕೆ ಹೋದರೆ ಗುಜರಿ ರೇಟು, ಯಾಕಂದ್ರೆ ಆರ್‌ಸಿನೇ ಇಲ್ಲದ ಗಾಡಿಯನ್ನ ಯಾರು ಕೊಳ್ತಾರೆ? ನಿಮ್ಮ ಭಾವ ಹೇಳಿದ ಗಾಡಿ ಬಡ್ಡಿ ಸೇರಿ ಸುಮಾರು 1.30 ಲಕ್ಷ ಆಗುತ್ತೆ. ಲಿಥಿಯಂ ಬ್ಯಾಟರಿ, ಕಡಿಮೆ ಅಂದ್ರೂ ಮೂರು ವರ್ಷ ವಾರಂಟಿ, ಐದು ವರ್ಷ ಆದ ಮೇಲೂ ಅದು ಗಾಡಿ ಅನ್ನಿಸ್ಕೊಳ್ಳುತ್ತೆ. ಅಂತರ ಡಬಲ್ ಅಲ್ಲ, 30 ಸಾವಿರ.

ರಿಪೇರಿ ವಿಷಯ. ಅಗ್ಗದ ಗಾಡಿಯ ಒಂದು ಗುಣ ಒಪ್ಪಲೇಬೇಕು, ಒಳಗಿನ ಸಾಮಾನು ಎಲ್ಲಾ ಒಂದೇ ಜಾತಿ. ಕಂಟ್ರೋಲರ್, ಥ್ರಾಟಲ್, ಚಾರ್ಜರ್, ಕನ್ವರ್ಟರ್, ಎಲ್ಲಾ ಬೆಂಗಳೂರಿನ ಎಸ್‌.ಪಿ. ರೋಡಲ್ಲಿ ಸಿಗುತ್ತೆ. ಯಾವ ಹೆಸರಿನ ಗಾಡಿ ಬಂದರೂ ನಾನು ಕೂರಿಸ್ತೀನಿ. ಗಾಡಿ ಜರ್ಕ್ ಹೊಡೀತಿದೆ ಅಂತ ತಂದರೆ ಹತ್ತಕ್ಕೆ ಏಳು ಸಲ ಹಿಂದಿನ ಚಕ್ರದೊಳಗಿನ ಹಾಲ್ ಸೆನ್ಸರ್ ಹೋಗಿರುತ್ತೆ, ಮೋಟರ್ ಎಲ್ಲಿಗೆ ತಿರುಗಿದೆ ಅಂತ ಕಂಟ್ರೋಲರ್‌ಗೆ ಹೇಳೋದು ಅದೇ. ಚಕ್ರ ಎತ್ತಿ ಸ್ಟ್ಯಾಂಡ್ ಹಾಕಿ, ಆ ಸೆನ್ಸರಿನ ಹಳದಿ, ಹಸಿರು, ನೀಲಿ ವೈರ್‌ಗೆ ಒಂದೊಂದಾಗಿ ಮೀಟರ್ ಇಟ್ಟು ಚಕ್ರವನ್ನ ಕೈಯಲ್ಲಿ ಮೆಲ್ಲಗೆ ತಿರುಗಿಸಿದರೆ, ಮುಳ್ಳು ಸೊನ್ನೆ-ಐದು, ಸೊನ್ನೆ-ಐದು ಅಂತ ಕುಣೀಬೇಕು. ಒಂದು ವೈರ್ ಸುಮ್ಮನೆ ನಿಂತಿದ್ದರೆ ಸಿಕ್ಕಿಬಿತ್ತು. ಆ ಸೆನ್ಸರ್ ಬೆಲೆ ಟೀ-ಬನ್ನಿಗಿಂತ ಹೆಚ್ಚಿಲ್ಲ. ಕೂಲಿ ಇರೋದು ಮೋಟರ್ ಬಿಚ್ಚೋದಕ್ಕೆ. ಮ್ಯಾಗ್ನೆಟ್ ಹಿಡಿದುಕೊಂಡಿರುತ್ತೆ, ಬೆರಳು ಸಿಕ್ಕಿದರೆ ದೇವರೇ ಗತಿ. ಹೋಗೋದಕ್ಕೆ ಕಾರಣ ನೀರು. ಆಕ್ಸಲ್ ತೂತಿನಿಂದ ವೈರ್ ಬರೋ ಜಾಗದಲ್ಲಿ ಸಿಲಿಕಾನ್ ಸರಿಯಾಗಿ ಹಾಕಿರಲ್ಲ. ಬಿಚ್ಚಿದಾಗ ಮ್ಯಾಗ್ನೆಟ್ ಮೇಲೆ ತುಕ್ಕಿನ ಪುಡಿ ಇರುತ್ತೆ. ಮಳೆಯಲ್ಲಿ ರೈಲ್ವೆ ಬ್ರಿಜ್ ಕೆಳಗೆ ನಿಂತ ನೀರಲ್ಲಿ ಇಳಿಸೋದು ಮಾತ್ರ ಬೇಡ.

ಸಿಗದೇ ಇರೋದು ಪ್ಲಾಸ್ಟಿಕ್ಕು. ಒಂದು ಕಂಟೇನರ್‌ನಲ್ಲಿ ಬಂದ ಮಾಡೆಲ್ ಮುಂದಿನದ್ದರಲ್ಲಿ ಬರಲ್ಲ. ಗಾಡಿ ಒಂದು ಸಲ ಮಗುಚಿ ಹೆಡ್‌ಲೈಟ್ ಡೂಮ್, ಸೈಡ್ ಪ್ಯಾನಲ್ ಒಡೆಯಿತೋ, ಆಮೇಲೆ ಕೇಬಲ್ ಟೈ ಹಾಕ್ಕೊಂಡೇ ಓಡಿಸಬೇಕು. ತಗೊಳ್ಳೋದೇ ಆದರೆ ಆ ಗುಂಡು ಗುಂಡನೆ ವೆಸ್ಪಾ ಥರದ ಮಾಡೆಲ್ ಬರುತ್ತಲ್ಲ, ಅದನ್ನ ತಗೊಳ್ಳಿ. ಅದನ್ನ ಎಲ್ಲರೂ ತರಿಸ್ತಾರೆ, ಪ್ಯಾನಲ್ ಸಿಗುತ್ತೆ. ಮತ್ತೆ ‘ಇ-ಎಬಿಎಸ್’ ಅನ್ನೋ ಸ್ಟಿಕರ್ ನೋಡಿ ಮೋಸ ಹೋಗಬೇಡಿ. ಬ್ರೇಕ್ ಹಿಡಿದಾಗ ಮೋಟರ್ ಸ್ವಲ್ಪ ಎಳೆದು ಹಿಡಿಯುತ್ತೆ, ಅದಕ್ಕೆ ಅವರಿಟ್ಟ ಹೆಸರು. ಚಕ್ರ ಜಾರದಂತೆ ಕಾಯೋ ಎಬಿಎಸ್ ಅದಲ್ಲ.

ಕೊನೇದು ಲೈಸೆನ್ಸ್ ವಿಷಯ, ಇದು ಮುಖ್ಯ. ಕೇಂದ್ರ ಮೋಟಾರು ವಾಹನ ನಿಯಮ 1989ರ ಪ್ರಕಾರ ಮೋಟರ್ 250 ವ್ಯಾಟ್ ಒಳಗೆ, ವೇಗ 25ರ ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಒಳಗೆ ಇದ್ದು, ಟೆಸ್ಟಿಂಗ್ ಏಜೆನ್ಸಿ ಪಾಸ್ ಮಾಡಿದ್ದರೆ ಮಾತ್ರ ಅದು ಮೋಟಾರು ವಾಹನ ಅಲ್ಲ. ಪುಣೆಯ ಎಆರ್‌ಎಐ ಇಲ್ಲವೇ ಮಾನೇಸರ್‌ನ ಐಕ್ಯಾಟ್ ಸರ್ಟಿಫಿಕೇಟ್ ಕೇಳಿ. ಅದರಲ್ಲಿರೋ ಮಾಡೆಲ್ ಹೆಸರೂ ಚಾಸಿ ಪ್ಲೇಟಿನ ಹೆಸರೂ ಒಂದೇ ಇರಬೇಕು. ಡೆಲಿವರಿ ಕೊಡೋವಾಗ “ಅಕ್ಕ, ಸ್ಪೀಡ್ ಬಿಚ್ಚಿ ಕೊಡ್ತೀನಿ, 45 ಹೋಗುತ್ತೆ” ಅಂತಾರೆ. ಕಂಟ್ರೋಲರ್‌ನ ಒಂದು ವೈರ್ ಆಟ ಅದು. ಬಿಚ್ಚಿಸಿದ ಆ ನಿಮಿಷದಿಂದ ನೀವು ಆರ್‌ಸಿ ಇಲ್ಲದ, ಇನ್ಶೂರೆನ್ಸ್ ಇಲ್ಲದ ಗಾಡಿಯಲ್ಲಿ ಡಿಎಲ್ ಇಲ್ಲದೆ ಹೋಗ್ತಿದೀರಿ. ಯಾರಿಗಾದರೂ ತಾಗಿದರೆ ಪರಿಹಾರ ನಿಮ್ಮ ಜೇಬಿಂದಲೇ. ಮಕ್ಕಳ ಕೈಗೆ ಕೊಟ್ಟರೆ ಇನ್ನೂ ಕಷ್ಟ. ಕಾಯ್ದೆಯಲ್ಲಿ ಪೋಷಕರಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು ಬರೆದಿದೆ.

ಬಿಚ್ಚಿಸದೇ 25ರಲ್ಲೇ ಹೋಗ್ತೀನಿ ಅಂದರೆ, ಪಿ.ಬಿ. ರೋಡಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಹಿಂದಿನಿಂದ ಲಾರಿ ಹಾರ್ನ್ ಹೊಡೀತಿರುತ್ತೆ. ನಿಮ್ಮ ದಾರಿ ಒಳಗಡೆ ಬೀದಿಗಳಲ್ಲಾದರೆ ಪರವಾಗಿಲ್ಲ.

ನಾಲ್ಕನೇ ಕ್ರಾಸ್, ಬೆಂಗಳೂರು:

ಸ್ಪಾನರ್ ಅಣ್ಣ ಹೇಳಿದ್ದಕ್ಕೆ ಒಂದು ಸಣ್ಣ ತಕರಾರು. ನಮ್ಮ ತಂದೆಗೆ ಎಪ್ಪತ್ತು ದಾಟಿದೆ, ಡಿಎಲ್ ರಿನ್ಯೂ ಮಾಡಿಸಿಲ್ಲ. ಅವರ ಹತ್ತಿರ ಇಂಥದ್ದೇ ಹೆಸರಿಲ್ಲದ ಗಾಡಿ ಇದೆ. ಹಾಲಿನ ಬೂತು, ದೇವಸ್ಥಾನ, ಸೊಸೈಟಿ ಅಕ್ಕಿ, ಇಷ್ಟಕ್ಕೇ. ಬ್ಯಾಟರಿ ಒಂದು ಸಲ ಬದಲಾಯಿಸಿದ್ದೇವೆ, ಅದು ಬಿಟ್ಟರೆ ಬ್ರೇಕ್ ಶೂ. ಅವರಿಗೆ ಅದು ಮಗನ ಮುಖ ನೋಡದೆ ಹೊರಗೆ ಹೋಗಿ ಬರೋ ಸ್ವಾತಂತ್ರ್ಯ. ಅದಕ್ಕೆ ಎಷ್ಟು ಬೆಲೆ ಕಟ್ಟೋಣ?

ನನ್ನದು ಲಕ್ಷ ದಾಟಿದ, ಹೆಸರಿರೋ ಎಲೆಕ್ಟ್ರಿಕ್ ಸ್ಕೂಟರ್. ಹೆಸರು ಬೇಡ ಬಿಡಿ. ಒಂದು ರಾತ್ರಿ ಸಾಫ್ಟ್‌ವೇರ್ ಅಪ್‌ಡೇಟ್ ಆಯ್ತು, ಬೆಳಿಗ್ಗೆ ಡಿಸ್‌ಪ್ಲೇ ಕಪ್ಪು. ಗಾಡಿ ಸರ್ವಿಸ್ ಸೆಂಟರ್ ಅಂಗಳದಲ್ಲಿ ವಾರಗಟ್ಟಲೆ ನಿಂತಿತ್ತು. ಅಲ್ಲಿ ಇನ್ನೂ ಎಷ್ಟೋ ಗಾಡಿ ಧೂಳು ಹಿಡಿದು ನಿಂತಿದ್ದವು. ದಿನಾ ಫೋನ್ ಮಾಡಿದರೆ “ಪಾರ್ಟ್ ಬರಬೇಕು ಸರ್”. ಅಷ್ಟು ದಿನ ನಾನು ಕೂತಿದ್ದು ಅಪ್ಪನ ಚೀನಾ ಗಾಡಿಯ ಮೇಲೇ. ನಮ್ಮ ಬೀದಿ ಮೆಕ್ಯಾನಿಕ್ ಅಪ್ಪನ ಗಾಡಿಯನ್ನ ಸಂಜೆಯೊಳಗೆ ರೆಡಿ ಮಾಡಿ ಕೊಡ್ತಾನೆ, ನನ್ನದನ್ನ ಮುಟ್ಟೋಕೂ ಒಪ್ಪಲ್ಲ.

ಹತ್ತು-ಹನ್ನೆರಡು ಸ್ಪಾನರ್, ತುಮಕೂರು:

ಸರ್, ನೀವು ಹೇಳಿದ್ದು ಪೂರ್ತಿ ನಿಜ. ಹಿರಿಯರಿಗೆ, ದಿನಕ್ಕೆ ಮೂರ್ನಾಲ್ಕು ಕಿ.ಮೀ. ಓಡಾಟಕ್ಕೆ ನಾನೂ ಅದನ್ನೇ ಹೇಳೋದು. ಅವರಿಗೆ ಬ್ಯಾಟರಿ ಹೆಚ್ಚು ಬಾಳುತ್ತೆ, ದಿನಾ ಪೂರ್ತಿ ಇಳಿಯಲ್ಲವಲ್ಲ. ಹೆಸರಿರೋ ಗಾಡಿ ಹೊರಗಿನ ಮೆಕ್ಯಾನಿಕ್ ಮುಟ್ಟೋಕೆ ಆಗದ ಹಾಗೆ ಲಾಕ್ ಮಾಡಿರ್ತಾರೆ ಅನ್ನೋದೂ ಸರಿ. ಅವರ ಲ್ಯಾಪ್‌ಟಾಪ್ ಇಲ್ಲದೆ ಕೋಡ್ ಓದಕ್ಕೂ ಆಗಲ್ಲ, ನನಗೂ ಹೊಟ್ಟೆ ಉರಿಯುತ್ತೆ. ಅದಕ್ಕೇ ಬ್ರ್ಯಾಂಡ್ ಅಂದಾಗ ನಾನು ನೋಡೋದು ಟಿವಿ ಜಾಹೀರಾತನ್ನಲ್ಲ. ಆ ಊರಲ್ಲಿ ಇಪ್ಪತ್ತು ಮೂವತ್ತು ವರ್ಷದಿಂದ ಪೆಟ್ರೋಲ್ ಗಾಡಿ ಮಾರಿಕೊಂಡು ಬಂದಿರೋ ಡೀಲರ್, ಅದೇ ಕಟ್ಟಡದಲ್ಲಿ ಎಲೆಕ್ಟ್ರಿಕ್ಕೂ ಮಾರ್ತಿದಾನಾ ಅಂತ. ಅವನು ರಾತ್ರೋರಾತ್ರಿ ಮೊಬೈಲ್ ಕವರ್ ಮಾರೋಕೆ ಹೋಗಲ್ಲ. ಟಿವಿಎಸ್, ಬಜಾಜ್, ಹೀರೊ ಅವರಿಗೆ ಜಿಲ್ಲಾ ಕೇಂದ್ರಗಳಲ್ಲಿ ಆ ಅನುಕೂಲ ಇದೆ.

ಬೆಣ್ಣೆದೋಸೆ, ದಾವಣಗೆರೆ:

ಅಣ್ಣ, ತುಂಬಾ ಉಪಕಾರ. ನಿಮ್ಮ ಲೆಕ್ಕವನ್ನ ನಮ್ಮ ಅಂಗಡಿ ಲೆಕ್ಕದ ಪುಸ್ತಕದ ಹಿಂದೆ ಬರೆದುಕೊಂಡು ಮತ್ತೆ ಕೂಡಿಸಿದೆ, ಸರಿಯಾಗೇ ಬರುತ್ತೆ! ನಿನ್ನೆ ಷೋರೂಮಿಗೆ ಹೋಗಿ ಸರ್ಟಿಫಿಕೇಟ್ ಕೇಳಿದೆ. “ಇದೆ ಅಕ್ಕ, ವಾಟ್ಸ್ಆ್ಯಪ್ ಮಾಡ್ತೀನಿ” ಅಂದ, ಇನ್ನೂ ಬಂದಿಲ್ಲ. ಬದಲಿಗೆ, ಲೆಡ್ ಬೇಡವಾದರೆ 74 ಸಾವಿರಕ್ಕೆ ಲಿಥಿಯಂ ಹಾಕಿ ಕೊಡ್ತೀನಿ, ಮೂರು ವರ್ಷ ಗ್ಯಾರಂಟಿ ಅಂತಾನೆ. ಬ್ಯಾಟರಿ ಬಿಚ್ಚಿ ಮೇಲೆ ಮನೆಗೇ ತಗೊಂಡು ಹೋಗಬಹುದಂತೆ. ಅದು ಹೇಗೆ?

ಮನೆ ಓನರ್ ಆಂಟಿ ಕೆಳಗೆ ಪ್ಲಗ್ ಹಾಕಿಸಿಕೊಳ್ಳೋಕೆ ಒಪ್ಪಿದ್ದಾರೆ, ಖರ್ಚು ನಮ್ಮದು. ಡಿಎಲ್ ಮಾಡಿಸಿದರೆ ಹಳೇ ಆಕ್ಟಿವಾ ಕೊಡಿಸ್ತೀನಿ ಅಂತ ತಂಗಿ ಗಂಡ ಬೇರೆ ಶುರು ಮಾಡಿದ್ದಾರೆ.

ಹತ್ತು-ಹನ್ನೆರಡು ಸ್ಪಾನರ್, ತುಮಕೂರು:

ಸರ್ಟಿಫಿಕೇಟ್ ಇದ್ದೋನು ಗೋಡೆಗೆ ಫ್ರೇಮ್ ಹಾಕಿ ತೂಗುಹಾಕಿರ್ತಾನೆ ಅಕ್ಕ. ವಾಟ್ಸ್ಆ್ಯಪ್‌ಗೆ ಕಾಯಬೇಡಿ.

ಲಿಥಿಯಂ ಒಳ್ಳೇದೇ, ಆದರೆ ಯಾರು ಕಟ್ಟಿದ ಪ್ಯಾಕ್ ಅನ್ನೋದು ಮುಖ್ಯ. 2022ರ ಬೇಸಿಗೆಯಲ್ಲಿ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ಸುದ್ದಿ ಮೇಲಿಂದ ಮೇಲೆ ಬಂತಲ್ಲ, ಅದರ ನಂತರ ಸರ್ಕಾರ ಬ್ಯಾಟರಿ ಟೆಸ್ಟ್ ಬಿಗಿ ಮಾಡಿತು. ಎಐಎಸ್-156 ಅಂತಾರೆ, ಮೊದಲ ಹಂತ 2022ರ ಡಿಸೆಂಬರ್, ಎರಡನೇದು 2023ರ ಮಾರ್ಚ್ ಕೊನೆಗೆ ಬಂತು. ಅವನು ಕೊಡೋ ಪ್ಯಾಕ್ ಆ ಟೆಸ್ಟ್ ಪಾಸಾಗಿದೆಯಾ ಅಂತ ಕಾಗದದ ಮೇಲೆ ಕೇಳಿ. ಯಾವುದೋ ಶೆಡ್ಡಲ್ಲಿ ಸೆಲ್ ಜೋಡಿಸಿ ನೀಲಿ ಪ್ಲಾಸ್ಟಿಕ್ ಸುತ್ತಿದ್ದಾದರೆ, ಅದನ್ನ ಮಲಗೋ ಮನೆಯೊಳಗೆ ಇಟ್ಟು ರಾತ್ರಿಯಿಡೀ ಚಾರ್ಜ್ ಹಾಕೋದು ನನಗಂತೂ ಬೇಡ. ಎಲ್‌ಎಫ್‌ಪಿ ಸೆಲ್, ಅಂದ್ರೆ ಲಿಥಿಯಂನಲ್ಲೇ ಅಷ್ಟು ಬೇಗ ಬೆಂಕಿ ಹತ್ತದ ಜಾತಿ ಆದರೆ, ಸ್ವಲ್ಪ ನೆಮ್ಮದಿ. ಇನ್ನು ಮೂರು ವರ್ಷ ಗ್ಯಾರಂಟಿ ಅನ್ನೋದು ಅಂಗಡಿ ಅಲ್ಲಿವರೆಗೆ ಇದ್ದರೆ ತಾನೇ, ಹುಬ್ಬಳ್ಳಿ ಸಾಹೇಬರ ಮಾತು ನೆನಪಿಟ್ಕೊಳ್ಳಿ.

74 ಸಾವಿರದವರೆಗೆ ಬಂದಿರಿ ಅಂದ್ರೆ ಇನ್ನು 25-30 ಸಾವಿರ ಸೇರಿಸಿದರೆ ದೊಡ್ಡ ಕಂಪನಿಗಳ ಚಿಕ್ಕ ಬ್ಯಾಟರಿ ಮಾಡೆಲ್‌ಗಳು ಸಿಗ್ತವೆ. 2025ರಲ್ಲಿ ಹಲವರು ಪೈಪೋಟಿಗೆ ಬಿದ್ದು ಎಕ್ಸ್‌ಷೋರೂಮ್ ಲಕ್ಷದೊಳಗೆ ಇಳಿಸಿದರು. ಕೆಲವರು ಬ್ಯಾಟರಿಯನ್ನ ಬಾಡಿಗೆಗೆ ಕೊಟ್ಟು ಕಿ.ಮೀ. ಲೆಕ್ಕದಲ್ಲಿ ದುಡ್ಡು ತಗೊಳ್ತಾರೆ. ನಿಮ್ಮಂಥ ಕಡಿಮೆ ಓಡಾಟಕ್ಕೆ ಅದನ್ನ ಕೂತು ಲೆಕ್ಕ ಹಾಕಿ ನೋಡಿ, ಪ್ರತಿ ತಿಂಗಳು ಇಷ್ಟು ಕಿ.ಮೀ. ಕಟ್ಟಲೇಬೇಕು ಅನ್ನೋ ಷರತ್ತು ಇದೆಯಾ ಕೇಳ್ಕೊಳ್ಳಿ.

ನನ್ನನ್ನ ಕೇಳಿದರೆ ಯಾವ ಗಾಡಿಗೂ ಮೊದಲು ಡಿಎಲ್. ಆನ್‌ಲೈನಲ್ಲಿ ಎಲ್‌ಎಲ್‌ಗೆ (ಕಲಿಯೋರ ಲೈಸೆನ್ಸ್) ಹಾಕಿ, 30 ದಿನ ಆದ ಮೇಲೆ ಗೇರ್ ಇಲ್ಲದ ಗಾಡಿಯ ಟೆಸ್ಟಿಗೆ ಹೋಗಬಹುದು. ಕೈ ಕೂತಿದೆ ಅಂದಿರಲ್ಲ, ಆಗುತ್ತೆ ಬಿಡಿ. ಆ ಕಾರ್ಡ್ ಕೈಗೆ ಬಂದರೆ ‘ಲೈಸೆನ್ಸ್ ಬೇಡ’ ಅನ್ನೋ ಒಂದೇ ಮಾತಿಗೆ ನೀವು ಕೊಡ್ತಿರೋ ಬೆಲೆ ಉಳಿಯುತ್ತೆ. ಹಳೇ ಆಕ್ಟಿವಾ ಸಿಕ್ಕರೆ ಕೆಟ್ಟ ಐಡಿಯಾ ಅಲ್ಲ. ವರ್ಷಕ್ಕೆ ಎಂಟು ಸಾವಿರದ ಪೆಟ್ರೋಲಿಗೆ ಹೆದರಿ ಲಕ್ಷದ ಸಾಲ ಮಾಡೋದು ಬೇಡ. ಮುಂದೆ ಮಗುವನ್ನ ಸ್ಕೂಲಿಗೆ ಬಿಡೋದು, ಟ್ಯೂಷನ್ನು ಅಂತ ಓಡಾಟ ದಿನಕ್ಕೆ 30 ದಾಟಿದರೆ ಆಗ ಎಲೆಕ್ಟ್ರಿಕ್ ಕಂತಿನ ಅರ್ಧದಷ್ಟು ಪೆಟ್ರೋಲ್ ಉಳಿತಾಯದಲ್ಲೇ ಹುಟ್ಟುತ್ತೆ. ಹಳೇ ಗಾಡಿ ನೋಡೋಕೆ ಹೋದಾಗ ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರಬೇಕು. ನೀವು ಹೋಗೋ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಬೇರೆ ಗಾಡಿ ನೋಡಿ. ಆರ್‌ಸಿ ನಿಮ್ಮ ಹೆಸರಿಗೆ ಆಗೋವರೆಗೂ ಪೂರ್ತಿ ದುಡ್ಡು ಕೊಡಬೇಡಿ, ತಂಗಿ ಗಂಡನೇ ಆದರೂ.

ಓನರ್ ಆಂಟಿ ಒಪ್ಪಿರೋವಾಗಲೇ ಪ್ಲಗ್ ಹಾಕಿಸಿಬಿಡಿ, ಇವತ್ತಲ್ಲ ನಾಳೆ ಬೇಕಾಗುತ್ತೆ. 16 ಆಂಪಿಂದೇ ಹಾಕಿಸಿ, ಲೈನ್ ನಿಮ್ಮ ಮೀಟರ್‌ನಿಂದ ಬರಲಿ, ಆಮೇಲೆ ಬಿಲ್ಲಿನ ಜಗಳ ಬೇಡ. ಅರ್ಥಿಂಗ್ ಇದೆಯಾ ಅಂತ ವೈರ್‌ಮನ್ ಹತ್ತಿರ ಮೀಟರ್ ಇಡಿಸಿ ನೋಡಿಸಿ. ಹಳೇ ಮನೆಗಳಲ್ಲಿ ಮೂರನೇ ತೂತು ಬರೀ ಶೋಗೆ ಇರುತ್ತೆ.